ದನ ನೋಡಲು ಹೋದ ಆದಿತ್ಯವಾರಗಳು

ನನ್ನ ಕೆಲಸ ಹೆಂಚು ಬಾರಿಸುವುದಾಗಿತ್ತು. ಹೀಗೆಂದರೆ ಈಗಿನವರು ನಗುತ್ತಾರೆ, ನಗಲಿ. ಮಂಗಳೂರಿನ ಉರ್ವದ ನಮ್ಮ ಮನೆಯಿಂದ ಇಳಿದು ಹೋದರೆ ನದಿಯ ದಡದಲ್ಲಿ ಹೆಂಚಿನ ಕಾರ್ಖಾನೆ. ಎರಡನೇ ಯುದ್ಧ ಶುರುವಾಗುವುದಕ್ಕೆ ಮುಂಚಿನ ಹದಿನೆಂಟು ವರ್ಷ ನಾನು ಅಲ್ಲಿ ಒಂದು ಮರದ ಮಣೆಯ ಮೇಲೆ ಕೂತು, ಭಟ್ಟಿಯಲ್ಲಿ ಸುಟ್ಟು ಬಂದ ಹೆಂಚುಗಳನ್ನು ಒಂದೊಂದಾಗಿ ಎಡಗೈಯಲ್ಲಿ ತೂಗಿ ಹಿಡಿದು, ಬಲಗೈಯ ಕಬ್ಬಿಣದ ತುಂಡಿನಿಂದ ಒಂದು ಪೆಟ್ಟು ಕೊಟ್ಟು ಸ್ವರ ಕೇಳುತ್ತಿದ್ದೆ. ಸರಿಯಾಗಿ ಬೆಂದ ಹೆಂಚು ಗಂಟೆಯ ಹಾಗೆ ನುಡಿಯುತ್ತದೆ. ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಸ್ವರ ಒಡೆದು ಮಂಕಾಗಿ ಬರುತ್ತದೆ. ಕಣ್ಣಿಗೆ ಕಾಣದ ಬಿರುಕು ಕಿವಿಗೆ ಸಿಗುತ್ತದೆ. ನುಡಿದ ಹೆಂಚು ಬಲಕ್ಕೆ, ನುಡಿಯದ್ದು ಎಡಕ್ಕೆ. ಇಷ್ಟೇ ಕೆಲಸ.

ದಿನಕ್ಕೆ ಎಷ್ಟು ಹೆಂಚು ಎಂದು ಕೇಳಬೇಡಿ. ಲೆಕ್ಕ ರೈಟರರದ್ದು, ಸುಸ್ತು ನನ್ನದು. ಸಂಜೆ ಕಾರ್ಖಾನೆಯ ಶಿಳ್ಳೆ ಕೂಗಿ ಎಲ್ಲರೂ ಮನೆಗೆ ಹೊರಟ ಮೇಲೂ ನನ್ನ ಕಿವಿಯೊಳಗೆ ಯಾರೋ ಬಾರಿಸುತ್ತಲೇ ಇರುತ್ತಿದ್ದರು. ಗಂಜಿಗೆ ಕೂತರೆ ಟಣ್. ಬೆನ್ನಿಗೆ ಬಿಸಿನೀರು ಹೊಯ್ದುಕೊಂಡರೆ ಟಣ್. ಹೆಂಡತಿ ಮಗಳ ಜಡೆ ಹಾಕುತ್ತ ಏನೋ ಹೇಳಿದರೆ ಅದರ ನಡುವೆಯೂ ಟಣ್. ಜೀವ ಸಾಕಾಗಿ ಹೋಗುತ್ತಿತ್ತು. ಆದರೂ ಅದು ಕೆಲಸದ ದಣಿವು, ಎಲ್ಲರಿಗೂ ಇರುವಂಥದ್ದು ಎಂದು ತಿಳಿದಿದ್ದೆ.

ಆಮೇಲೆ ಒಂದು ದಿನ ಹೆಂಡತಿ ಎದುರಿಗೆ ಬಂದು ನಿಂತು, “ಮೂರು ಸಲ ಕರೆದೆ. ಕಿವಿಗೆ ಎಂತ ಹತ್ತಿ ಇಟ್ಟುಕೊಂಡಿದ್ದೀರಾ?” ಎಂದಳು. ನಮ್ಮ ಮನೆಮಾತೆಲ್ಲ ತುಳು. ಇಲ್ಲಿ ಬರೆಯುವುದಕ್ಕಾಗಿ ಕನ್ನಡ ಮಾಡುತ್ತಿದ್ದೇನೆ. ನಾನು ಬಾಯಿಗೆ ಬಂದ ಹಾಗೆ ಬೈದೆ. ನನಗೆ ಸಿಟ್ಟು ಬೇಗ ಬರುತ್ತದೆ, ಹೆದರಿಕೆಯಾದಾಗ ಇನ್ನೂ ಬೇಗ ಬರುತ್ತದೆ.

ಹೆದರಿಕೆಗೆ ಕಾರಣವಿತ್ತು. ಅದೇ ವಾರ ಬಂದರ್‌ನಲ್ಲಿ ಮಂಜಿ ಎಂಬ ಹಾಯಿಹಡಗಿಗೆ ಹೆಂಚು ತುಂಬುವಾಗ, ಕೈಯಿಂದ ಕೈಗೆ ಎಸೆಯುವ ಸಾಲಿನಲ್ಲಿ ನಿಂತವರ ಕೈಯಲ್ಲೇ ನನ್ನ ಹೆಂಚುಗಳು ಎರಡು ಹೋಳಾಗಿದ್ದವು. ಒಬ್ಬನ ಅಂಗೈ ಕೊಯ್ದು ರಕ್ತ ಬಂದಿತ್ತು. ರೈಟರರು ಎಲ್ಲರೆದುರು ಕರೆದು, “ಕೂತು ನಿದ್ದೆ ಮಾಡ್ಲಿಕ್ಕೆ ಮಣೆ ಕೊಟ್ಟದ್ದಾ ನಿಮಗೆ?” ಎಂದರು. ನಾನು ತಲೆ ತಗ್ಗಿಸಿ ನಿಂತೆ. ನಿದ್ದೆಯಲ್ಲ ಎಂದು ನನಗೆ ಮಾತ್ರ ಗೊತ್ತಿತ್ತು. ಕೆಲವು ತಿಂಗಳಿಂದ ಎಲ್ಲ ಹೆಂಚುಗಳ ಸ್ವರ ನನಗೆ ಹೆಚ್ಚುಕಡಿಮೆ ಒಂದೇ ಆಗುತ್ತ ಬಂದಿತ್ತು. ಕಿವಿ ಹೋದರೆ ಮಣೆ ಹೋಗುತ್ತದೆ. ಮಣೆ ಹೋದರೆ ನಲವತ್ತೈದನೇ ವಯಸ್ಸಿನಲ್ಲಿ ಮಣ್ಣು ಹೊರಬೇಕು. ಬೆನ್ನು ಆಗಲೇ ಸರಿ ಇರಲಿಲ್ಲ, ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ಇದನ್ನು ಯಾರ ಹತ್ತಿರ ಹೇಳುವುದು?

ಬಂದರ್ ಹತ್ತಿರದ ಡಾಕ್ಟರರ ಹತ್ತಿರ ಮಾತ್ರ ಹೇಳಿದೆ. ಅವರು ಕಿವಿಯೊಳಗೆ ದೀಪ ಬಿಟ್ಟು ನೋಡಿ, ಎಣ್ಣೆ ಬಿಡಬಾರದು ಎಂದರು. “ಕಿವಿ ದಣಿದಿದೆ. ಕಾಲು ದಣಿದರೆ ಕೂರುವುದಿಲ್ಲವಾ, ಹಾಗೆ ಅದನ್ನೂ ಕೂರಿಸಬೇಕು. ಆದಿತ್ಯವಾರ ಶಬ್ದ ಇಲ್ಲದ ಜಾಗದಲ್ಲಿ ಹೋಗಿ ಇರಿ,” ಎಂದರು. ಔಷಧಿ ಕೊಡಲಿಲ್ಲ. ಔಷಧಿ ಕೊಡದ ಡಾಕ್ಟರರ ಮೇಲೆ ನನಗೆ ನಂಬಿಕೆ ಬರಲಿಲ್ಲ. ಆದರೂ ಬೇರೆ ದಾರಿ ಇರಲಿಲ್ಲ.

ಮಂಗಳೂರಿನಲ್ಲಿ ಶಬ್ದ ಇಲ್ಲದ ಜಾಗ ಎಲ್ಲಿದೆ? ಮನೆಯ ಪಕ್ಕದಲ್ಲಿ ಎತ್ತಿನಗಾಡಿಯ ಚಕ್ರಕ್ಕೆ ಪಟ್ಟಿ ಹೊಡೆಯುವವರು. ದಡದಲ್ಲಿ ದೋಣಿಯವರ ಕೂಗು. ಪೇಟೆಯಲ್ಲಂತೂ ಬಾಯಿಯಿರುವವರೆಲ್ಲ ಒಟ್ಟಿಗೆ ಮಾತಾಡುತ್ತಾರೆ. ಉಳಿದದ್ದು ಗುಡ್ಡೆ. ಕದ್ರಿ ಕಡೆಯಿಂದ ಏರಿ, ದೇವಸ್ಥಾನದ ದಾರಿ ಬಿಟ್ಟು ಹಿಂದಕ್ಕೆ ಹೋದರೆ ಮುರಕಲ್ಲಿನ ಬೋಳು ಪದವು, ಗುಡ್ಡೆಯ ನೆತ್ತಿಯ ಬಯಲು, ಅಲ್ಲೊಂದು ಇಲ್ಲೊಂದು ಗೇರುಮರ. ಅಲ್ಲಿಗೆ ಹೋಗುವುದೆಂದು ನಿಶ್ಚಯ ಮಾಡಿದೆ.

ಹೋಗುವುದು ಸುಲಭ ಎಂದು ನೀವು ತಿಳಿದಿರಬಹುದು. ಆ ಕಾಲದಲ್ಲಿ ನಮ್ಮವರಲ್ಲಿ ಯಾರೂ ಕೆಲಸವಿಲ್ಲದೆ ನಡೆಯುತ್ತಿರಲಿಲ್ಲ. ಸಂಜೆ ಬೂಟು ಹಾಕಿ ಕೋಲು ಬೀಸಿಕೊಂಡು ನಡೆಯುವುದು ಬಿಳಿಯರ, ದೊಡ್ಡ ವಕೀಲರ ಚಟ. ನಮ್ಮಂಥವರು ನಡೆದರೆ ಮದುವೆಗೋ ಮರಣಕ್ಕೋ ಹರಕೆಗೋ ಹೋಗುತ್ತಿದ್ದಾರೆ ಎಂದು ಅರ್ಥ. ಮೊದಲ ಆದಿತ್ಯವಾರ ಕೊಡೆ ಹಿಡಿದು ಹೊರಟವನನ್ನು ಉರ್ವ ಮಾರ್ಕೆಟಿನ ಬೀಡದ ಅಂಗಡಿಯವನು ತಡೆದ. “ಎಲ್ಲಿಗೆ ಮಾರಾಯ ಸವಾರಿ?” ಗುಡ್ಡೆಗೆ ಎಂದೆ. “ಗುಡ್ಡೆಯಲ್ಲಿ ಎಂತ ಉಂಟು?” ಎಂದ. ಕಿವಿಯ ಸಂಗತಿ ಅವನಿಗೆ ಹೇಳಿದರೆ ಸಂಜೆಯೊಳಗೆ ರೈಟರರಿಗೆ ಮುಟ್ಟುತ್ತಿತ್ತು. ನನ್ನ ಬಾಯಿಗೆ ಸಿಕ್ಕಿದ್ದನ್ನು ಹೇಳಿಬಿಟ್ಟೆ: “ಅಲ್ಲಿ ಒಂದು ದನ ಉಂಟಂತೆ. ನೋಡಿ ಬರ್ತೇನೆ.”

ಆ ಸುಳ್ಳು ನನ್ನ ಕುತ್ತಿಗೆಗೆ ಬಂತು. ಮುಂದಿನ ವಾರ, “ದನ ಸಿಕ್ಕಿತಾ?” “ಇಲ್ಲ, ಹಾಲು ಕಡಿಮೆ.” ಅದರ ಮುಂದಿನ ವಾರ, “ಇವತ್ತು ಯಾವ ದನ?” “ಕಪ್ಪು.” ತಿಂಗಳೊಳಗೆ ಉರ್ವದ ಅರ್ಧ ಮಂದಿ ನನಗೆ ದನ ಹುಡುಕುತ್ತಿದ್ದರು. ಒಬ್ಬರು ಮನೆ ಬಾಗಿಲಿಗೇ ಒಂದನ್ನು ಹಿಡಿದು ತಂದರು. ಅದರ ಕೊಂಬು ಸರಿಯಿಲ್ಲ ಎಂದು ಹೇಳಿ ಕಳುಹಿಸಬೇಕಾದರೆ ನನಗೆ ಸಾಕೋ ಸಾಕಾಯಿತು. “ಹೆಣ್ಣು ನೋಡಿದವರೂ ಇಷ್ಟು ಕೊರತೆ ಹೇಳ್ಲಿಕ್ಕಿಲ್ಲ,” ಎಂದು ಹೆಂಡತಿ ಒಳಗಿಂದ ನಕ್ಕಳು. ಅವಳಿಗೆ ಅಷ್ಟರೊಳಗೆ ನಿಜ ಹೇಳಿದ್ದೆ. ಬೈದದ್ದಕ್ಕೆ ಅದೇ ನನ್ನ ಪ್ರಾಯಶ್ಚಿತ್ತ.

ಮೊದಲ ಸಲ ಏರಿದಾಗ ಎದೆ ಒಡೆದು ಹೋಗುತ್ತದೆ ಅನ್ನಿಸಿತ್ತು. ಹದಿನಾರು ವರ್ಷ ಕೂತ ಕಾಲುಗಳು. ಅಲ್ಲಲ್ಲಿ ನಿಂತು, ಗೇರುಮರದ ಕೊಂಬೆ ಹಿಡಿದು, ನನ್ನನ್ನೂ ಡಾಕ್ಟರರನ್ನೂ ಶಪಿಸುತ್ತ ಮೇಲೆ ಮುಟ್ಟಿದೆ. ಅಲ್ಲಿ ಮುರಕಲ್ಲು ಮಳೆಗೆ ಸವೆದು ಕಪ್ಪಾಗಿತ್ತು. ಬಂಡೆಯ ಗುಂಡಿಯಲ್ಲಿ ಅಂಗೈಯಗಲ ನೀರು ನಿಂತಿತ್ತು, ಅದರ ಸುತ್ತ ಬೆರಳುದ್ದದ ಹುಲ್ಲು, ಹುಲ್ಲಿನಲ್ಲಿ ಸಾಸಿವೆಗಿಂತ ಸಣ್ಣ ನೇರಳೆ ಹೂವುಗಳು. ಅದನ್ನು ದಾಟಿ ಒಂದು ಬಾಗಿದ ಗೇರುಮರದ ಬುಡದಲ್ಲಿ, ಪಡುವಣಕ್ಕೆ ಮುಖ ಮಾಡಿ ಕೂತೆ. ಕೆಳಗೆ ತೆಂಗಿನ ತಲೆಗಳು, ಅವುಗಳ ನಡುವೆ ನಾವೇ ಮಾಡಿದ ಹೆಂಚಿನ ಕೆಂಪು ಮಾಡುಗಳು. ಆಚೆ ನದಿ, ನದಿಯಾಚೆ ಬೆಂಗ್ರೆಯ ಮರಳಿನ ಪಟ್ಟಿ, ಅದರಾಚೆ ಕಡಲು. ಹಾಯಿ ಬಿಚ್ಚಿದ ಎರಡು ಮಂಜಿಗಳು ಅಳಿವೆ ದಾಟಿ ಹೋಗುತ್ತಿದ್ದವು. ಅವುಗಳ ಹೊಟ್ಟೆಯಲ್ಲಿ ನನ್ನ ಹೆಂಚೂ ಇರಬಹುದು ಎಂದುಕೊಂಡೆ.

ಮೊದಲರ್ಧ ಗಂಟೆ ಕಿವಿಯೊಳಗೆ ಬಾರಿಸುತ್ತಲೇ ಇತ್ತು. ಆಮೇಲೆ ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಎಲ್ಲ ಕಡೆ ಮೌನ. ಅಂಥ ಮೌನವನ್ನು ನಾನು ಮೊದಲು ಕಂಡಿರಲಿಲ್ಲ. ಊರೇ ಕೆಳಗೆ ಹರಡಿದೆ, ಒಂದು ಸೊಲ್ಲೂ ಮೇಲೆ ಬರುವುದಿಲ್ಲ. ಗಾಳಿ ಮೈಗೆ ತಾಗುತ್ತದೆ, ಆದರೆ ಅದಕ್ಕೂ ಸದ್ದಿಲ್ಲ. ನನಗೆ ಅಳು ಬಂತು. ಯಾಕೆಂದು ಕೇಳಿದರೆ ಹೇಳಲು ತಿಳಿಯದು. ಯಾರೂ ನನ್ನಿಂದ ಏನನ್ನೂ ಕೇಳದ ಜಾಗ ಭೂಮಿಯ ಮೇಲೆ ಇದೆ ಎಂದು ಗೊತ್ತಾಗಿ ಬಂದ ಅಳು ಇರಬೇಕು. ದೇವಸ್ಥಾನದಲ್ಲಿ ಕಣ್ಣು ಮುಚ್ಚಿದರೂ ನನಗೆ ಹಾಗೆ ಆದದ್ದಿಲ್ಲ. ಕಟ್ಟಿಕೊಂಡು ಹೋದ ಅವಲಕ್ಕಿ ತಿಂದು, ಮರಕ್ಕೆ ಒರಗಿ ಸ್ವಲ್ಪ ಕಣ್ಣು ಮುಚ್ಚಿ, ಇಳಿದು ಬಂದೆ.

ಸೋಮವಾರ ಮಣೆಯ ಮೇಲೆ ಕೂತಾಗ ಹೆಂಚು ಚೆನ್ನಾಗಿ ನುಡಿಯಿತು. ನುಡಿಯಿತು ಎಂದೇ ನನಗನ್ನಿಸಿತು. ಆ ವಾರ ಬಂದರ್‌ನಿಂದ ದೂರು ಬರಲಿಲ್ಲ, ಅದರ ಮುಂದಿನ ವಾರವೂ ಬರಲಿಲ್ಲ. ತಿಂಗಳು ಕಳೆಯಿತು, ಮಳೆಗಾಲ ಬಂದು ಹೋಯಿತು. ಮಳೆಯಲ್ಲೂ ಬಿಡದೆ ಹೋದೆ, ಜಾರಿ ಬಿದ್ದು ಮೊಣಕಾಲು ತರಚಿಕೊಂಡೂ ಹೋದೆ. ಒಂದು ವರ್ಷ ಒಂದೇ ಒಂದು ದೂರಿಲ್ಲ. ರೈಟರರು ದಾರಿಯಲ್ಲಿ ಸಿಕ್ಕಿದಾಗ ತಲೆ ಅಲ್ಲಾಡಿಸಿ ಹೋಗುವಷ್ಟಾದರು. ಗುಡ್ಡೆ ನನ್ನ ಕಿವಿಯನ್ನು ತಿರುಗಿ ಕೊಟ್ಟಿತು ಎಂದು ನಾನು ನಂಬಿದೆ. ಪದವಿನ ಮೇಲೆ ಕಾಲಿಡುವಾಗ ಬಗ್ಗಿ ನೆಲ ಮುಟ್ಟಿ ಹಣೆಗೆ ಒತ್ತಿಕೊಳ್ಳುವುದೂ ಅಭ್ಯಾಸವಾಯಿತು.

ಈ ಸಂತೋಷವನ್ನು ಹೆಂಡತಿಯನ್ನು ಬಿಟ್ಟರೆ ಮತ್ತೊಬ್ಬಳ ಹತ್ತಿರ ಮಾತ್ರ ಹೇಳಿದ್ದೆ. ಭಟ್ಟಿಯ ಬಾಯಿಯಿಂದ ನನ್ನ ಮಣೆಯವರೆಗೆ ಹೆಂಚು ಹೊತ್ತು ತರುತ್ತಿದ್ದ ಬೆಂಗ್ರೆಯ ಅಕ್ಕ ಅವಳು. ನನಗಿಂತ ಐದಾರು ವರ್ಷಕ್ಕೆ ದೊಡ್ಡವಳು. ಬೆಳಿಗ್ಗೆ ಮೊದಲ ದೋಣಿಗೆ ನದಿ ದಾಟಿ ಬರುವವಳು. ತಲೆಯ ಮೇಲೆ ಬಟ್ಟೆಯ ಸಿಂಬಿ, ಅದರ ಮೇಲೆ ಹೆಂಚಿನ ಅಟ್ಟಿ. ಕುತ್ತಿಗೆ ಒಂದು ಕಡೆಗೆ ವಾಲಿಯೇ ಹೋಗಿತ್ತು. ನನ್ನನ್ನು ಅಣ್ಣ ಎನ್ನುತ್ತಿದ್ದಳು, ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಸೋಮವಾರ ಬೆಳಿಗ್ಗೆ ಮೊದಲ ಹೊರೆ ಇಳಿಸುವಾಗ ಕೇಳುವಳು, “ಏನಣ್ಣ, ದನ ಚೆನ್ನಾಗಿತ್ತಾ?” ನಾನು ಹೂವಿನ ಸುದ್ದಿ, ನೀರಿನ ಗುಂಡಿಯ ಸುದ್ದಿ, ಮೌನದ ಸುದ್ದಿ ಹೇಳುವೆ. ಅವಳು ಹೊರೆ ಇಳಿಸಿ ಹೋಗುವಳು. ಗುಡ್ಡೆಯ ಮೇಲೆ ಕೂತು ಕಡಲು ನೋಡುವುದು ಅವಳಿಗೆ ಒಂದು ದೊಡ್ಡ ತಮಾಷೆ. “ನಮಗೆ ಹಿತ್ತಲಲ್ಲೇ ಉಂಟಲ್ಲ,” ಎನ್ನುತ್ತಿದ್ದಳು.

ಎರಡನೇ ವರ್ಷದ ಬೇಸಗೆಯಲ್ಲಿ ಅಕ್ಕನಿಗೆ ಜ್ವರ ಬಂದು ಹತ್ತು ದಿನ ಕೆಲಸಕ್ಕೆ ಬರಲಿಲ್ಲ. ಬೇರೊಬ್ಬಳು ಹೆಂಚು ತಂದಿಟ್ಟಳು. ನಾನು ಎಂದಿನಂತೆ ಬಾರಿಸಿದೆ, ಬಲಕ್ಕಿಟ್ಟೆ, ಎಡಕ್ಕಿಟ್ಟೆ. ಎಂಟನೇ ದಿನ ಬಂದರ್‌ನಿಂದ ಒಂದು ಗಾಡಿ ವಾಪಸು ಬಂತು. ಗಾಡಿ ತುಂಬ ಒಡೆದ ಹೆಂಚು. ರೈಟರರು ಒಂದು ಚೂರನ್ನು ತಂದು ನನ್ನ ಕಾಲ ಬುಡದಲ್ಲಿ ಹಾಕಿದರು. ಈ ಸಲ ಬೈಯಲೂ ಇಲ್ಲ. ನಾನು ಗಾಡಿಯಲ್ಲಿ ಒಡೆಯದೆ ಉಳಿದ ಒಂದು ಹೆಂಚನ್ನು ತೆಗೆದು ಬಾರಿಸಿದೆ. ನನಗೆ ಒಳ್ಳೆಯ ಸ್ವರವೇ ಕೇಳಿತು. ಪಕ್ಕದಲ್ಲಿ ನಿಂತಿದ್ದ ಹೊಸಬಳು ಮುಖ ಸಿಂಡರಿಸಿ, “ಅದು ಒಡೆದದ್ದಲ್ವಾ ಅಣ್ಣ?” ಎಂದಳು.

ನಾನು ಅವಳನ್ನೇ ನೋಡಿದೆ. ಅವಳು ಹೆದರಿ ಎಲ್ಲ ಹೇಳಿದಳು. “ನನಗೆ ಗೊತ್ತಿರ್ಲಿಲ್ಲ ಅಣ್ಣ. ಅಕ್ಕ ಇರುವಾಗ ಭಟ್ಟಿಯ ಹತ್ತಿರವೇ ಬಾರಿಸಿ, ಒಡೆದದ್ದನ್ನು ಅಲ್ಲಿಯೇ ಬಿಟ್ಟು ತರ್ತಾರೆ. ನಾನೂ ಹಾಗೆ ಮಾಡ್ಬೇಕಿತ್ತು ಅಂತ ಯಾರೂ ಹೇಳ್ಲಿಲ್ಲ.”

ಆ ರಾತ್ರಿ ಊಟ ಸೇರಲಿಲ್ಲ. ವರ್ಷವಿಡೀ ನಾನು ಬಾರಿಸಿದ್ದು ಅಕ್ಕ ಮೊದಲೇ ಆರಿಸಿ ತಂದ ಹೆಂಚು. ದೂರು ಬಾರದ್ದನ್ನು ನಾನು ಕಿವಿ ಬಂದದ್ದೆಂದು ತಿಳಿದೆ. ಆದಿತ್ಯವಾರ ಗುಡ್ಡೆಗೆ ಹೋಗಲಿಲ್ಲ. ಮನೆಯ ಜಗಲಿಯಲ್ಲಿ ಕೂತು, ಚಕ್ರಕ್ಕೆ ಪಟ್ಟಿ ಹೊಡೆಯುವುದನ್ನು ನೋಡಿದೆ. ಮೊದಲೆಲ್ಲ ತಲೆಯ ಮೇಲೆ ಬಿದ್ದಂತಾಗುತ್ತಿದ್ದ ಆ ಪೆಟ್ಟು ಈಗ ದೂರದಿಂದ ಬರುತ್ತಿತ್ತು. ಅದನ್ನೂ ನಾನು ಗುಡ್ಡೆಯ ಉಪಕಾರ ಎಂದೇ ತಿಳಿದಿದ್ದೆನಲ್ಲ.

ಜ್ವರ ಬಿಟ್ಟು ಅಕ್ಕ ಬಂದ ದಿನ, ಹೊರೆ ಇಳಿಸುವುದಕ್ಕೂ ಬಿಡದೆ ಜಗಳ ತೆಗೆದೆ. “ನನ್ನನ್ನು ಮಂಗ ಮಾಡಿದಿರಿ. ಒಂದು ವರ್ಷ,” ಎಂದೆ.

ಅವಳು ಹೊರೆ ಇಳಿಸಿ ಸಿಂಬಿ ತೆಗೆದು ಬೆವರು ಒರೆಸಿಕೊಂಡಳು. “ರೈಟರರು ನಿಮ್ಮನ್ನು ಎಲ್ಲರೆದುರು ಬೈದ ದಿನ ನಾನು ಅಲ್ಲಿಯೇ ಇದ್ದೆ. ನೀವು ತಲೆ ಕೆಳಗೆ ಹಾಕಿ ನಿಂತದ್ದು ನನಗೆ ನೋಡ್ಲಿಕ್ಕೆ ಆಗ್ಲಿಲ್ಲ. ಹೇಗೂ ಒಂದೊಂದನ್ನೇ ಕೈಯಲ್ಲಿ ಹಿಡಿದು ಹೊರೆ ಮಾಡುದಲ್ಲ, ಒಂದು ಗುದ್ದು ಕೊಟ್ಟು ನೋಡಿದ್ರೆ ನನಗೆ ಎಂತ ಭಾರ?”

“ನನ್ನ ಹತ್ತಿರ ಹೇಳಬಹುದಿತ್ತಲ್ಲ.”

“ಹೇಳುವ ಅಂತಲೇ ಇದ್ದೆ. ಅಷ್ಟರಲ್ಲಿ ನೀವು ಗುಡ್ಡೆಗೆ ಹೋಗ್ಲಿಕ್ಕೆ ಶುರು ಮಾಡಿದಿರಿ. ಸೋಮವಾರ ನಿಮ್ಮ ಮೋರೆ ನೋಡ್ಬೇಕಿತ್ತು ಅಣ್ಣ. ಆ ಮೋರೆಗೆ ನಾನು ಹೇಗೆ ಹೇಳುದು?”

ನಾನು ಅವಳ ಕೈ ನೋಡಿದೆ. ಬಲಗೈಯ ಬೆರಳುಗಳ ಗೆಣ್ಣು ದಪ್ಪಗಾಗಿ, ಚರ್ಮ ಕಪ್ಪಾಗಿ ಸುಲಿದಿತ್ತು. ನನ್ನ ಹತ್ತಿರ ಕಬ್ಬಿಣದ ತುಂಡಿತ್ತು, ಅವಳು ಬರಿಗೈಯಲ್ಲಿ ಬಾರಿಸಿದ್ದಳು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ. ನಾಚಿಕೆ ಮಾತ್ರ ಉಳಿಯಿತು.

ಮಧ್ಯಾಹ್ನ ರೈಟರರ ಹತ್ತಿರ ಹೋಗಿ, ನನಗೆ ಕಿವಿ ಸರಿಯಾಗಿ ಕೇಳುವುದಿಲ್ಲ, ನನ್ನ ಮಣೆಯ ಕೆಲಸ ಬರಿಗೈಯಲ್ಲಿ ಮಾಡುತ್ತಿದ್ದವಳು ಅಕ್ಕ ಎಂದು ಹೇಳಿದೆ. ಹದಿನೆಂಟು ವರ್ಷದಲ್ಲಿ ಅವರೆದುರು ತಲೆ ಎತ್ತಿ ಮಾತಾಡಿದ್ದು ಅದೇ ಮೊದಲು. ಅಷ್ಟು ಧೈರ್ಯ ನನಗೆ ಗುಡ್ಡೆಯಿಂದ ಬಂದಿತ್ತು ಎಂದು ಈಗಲೂ ಅನ್ನಿಸುತ್ತದೆ. ಅವರು ಹಸಿ ಹೆಂಚು ಒಣಗಿಸುವ ಚಪ್ಪರಕ್ಕೆ ನನ್ನನ್ನು ಹಾಕಿದರು. ಅಲ್ಲಿ ಸಂಬಳ ಕಡಿಮೆ, ಆದರೆ ಮಣ್ಣು ಹೊರುವುದು ತಪ್ಪಿತು. ಅಕ್ಕನನ್ನು ಮಣೆಯ ಮೇಲೆ ನಾಲ್ಕು ದಿನದ ಮಟ್ಟಿಗೆ ಎಂದು ಕೂರಿಸಿದರು. ನಾಲ್ಕು ದಿನ ಕಳೆದರೂ ಲೆಕ್ಕದ ಪುಸ್ತಕದಲ್ಲಿ ಅವಳ ಹೆಸರು ಹೊರುವವಳೆಂದೇ ಉಳಿಯಿತು, ಕೆಲಸ ಬಾರಿಸುವುದು. ನಾನು ನನ್ನ ಕಬ್ಬಿಣದ ತುಂಡನ್ನು ಅವಳಿಗೆ ಕೊಟ್ಟೆ.

ಒಂದು ಶನಿವಾರ ಅವಳೇ ಕೇಳಿದಳು, “ನಿಮ್ಮ ಗುಡ್ಡೆ ನನಗೂ ಒಮ್ಮೆ ತೋರಿಸಿ. ಇಷ್ಟು ಕೂತರೆ ಕಾಲು ಮರದ್ದಾಗ್ತದೆ.” ಮಾರನೆಯ ದಿನ ನಾನು, ನನ್ನ ಹೆಂಡತಿ, ಅಕ್ಕ, ಮೂವರೂ ಹೊರಟೆವು. ಬೀಡದ ಅಂಗಡಿಯವನು ಎದ್ದು ನಿಂತು, “ಇವತ್ತು ದನ ತರುದು ಖಂಡಿತ,” ಎಂದ. ಏರುವಾಗ ಅಕ್ಕ ನಮಗಿಂತ ಮುಂದೆ. ತಲೆಯ ಮೇಲೆ ಹೊರೆಯಿಲ್ಲದೆ ನಡೆಯುವುದು ಅವಳಿಗೆ ಎಷ್ಟು ಹೊಸತೆಂದರೆ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು.

ನನ್ನ ಗೇರುಮರದ ಬುಡದಲ್ಲಿ ಕೂತೆವು. ನಾನು ಹೆಮ್ಮೆಯಿಂದ, “ನೋಡಿ ಅಕ್ಕ, ಇದೇ ನಾನು ಹೇಳಿದ ಮೌನ,” ಎಂದೆ.

ಅವಳು ತಲೆ ವಾಲಿಸಿ ಕಿವಿಗೊಟ್ಟಳು. ನನ್ನ ಹೆಂಡತಿಯ ಮುಖ ನೋಡಿದಳು. ಹೆಂಡತಿ ನೆಲ ನೋಡಿದಳು.

“ಎಂತ?” ಎಂದೆ.

ಅಕ್ಕ ಹತ್ತಿರ ಸರಿದು, ನನ್ನ ಕಿವಿಯ ಬಳಿ ಬಾಯಿಟ್ಟು, ನಿಧಾನವಾಗಿ ಹೇಳಿದಳು. “ಕಡಲು ಕೇಳ್ತದೆ ಅಣ್ಣ. ನಮ್ಮ ಬೆಂಗ್ರೆಯಲ್ಲಿ ಕೇಳಿದ ಹಾಗೆಯೇ. ಕೆಳಗೆ ಯಾರೋ ಬಟ್ಟೆ ಒಗೀತಾರೆ. ಎಲ್ಲಿಯೋ ಮಗು ಅಳ್ತದೆ. ಈ ಮರದಲ್ಲಿ ಒಂದು ಹಕ್ಕಿ ಉಂಟು, ನಾವು ಬಂದಾಗಿನಿಂದ ಬಾಯಿ ಮುಚ್ಚಲಿಲ್ಲ.” ಆಮೇಲೆ ತಲೆ ತಿರುಗಿಸಿ, ನಮ್ಮ ಬೆನ್ನ ಹಿಂದಿನ ದಿಬ್ಬದ ಕಡೆ ಕೈ ತೋರಿಸಿದಳು. “ಅಲ್ಲಿ ದನಗಳು ಉಂಟು. ಕೊರಳ ಗಂಟೆ ಕೇಳ್ತದೆ. ನಾಲ್ಕೋ ಐದೋ ಇರ್ಬೇಕು.”

ನಾನು ಎದ್ದು ಹೋದೆ. ನಾನು ಕೂರುತ್ತಿದ್ದ ಮರದಿಂದ ಮೂವತ್ತು ಹೆಜ್ಜೆ ಇರಬಹುದು. ದಿಬ್ಬದ ಆಚೆ ತಗ್ಗಿನಲ್ಲಿ ಹುಲ್ಲಿತ್ತು, ಐದು ದನಗಳು ಮೇಯುತ್ತಿದ್ದವು. ನೆಲ ಗೊರಸಿನಿಂದ ತುಳಿದು ತುಳಿದು ನುಣ್ಣಗಾಗಿತ್ತು, ಹಳೆಯ ಸೆಗಣಿ ಒಣಗಿ ಬೆಳ್ಳಗಾಗಿತ್ತು. ಅವು ಇವತ್ತು ಬಂದವಲ್ಲ. ಎರಡು ವರ್ಷ ನಾನು ಇಲ್ಲದ ದನದ ಹೆಸರು ಹೇಳಿ ಬಂದು, ಇರುವ ದನಗಳಿಗೆ ಬೆನ್ನು ಹಾಕಿ ಕೂತಿದ್ದೆ. ಗುಡ್ಡೆಯಲ್ಲಿ ಮೌನ ಎಂದೂ ಇರಲಿಲ್ಲ. ನಾನು ಅಡ್ಡಬಿದ್ದದ್ದು ನನ್ನ ಕಿವುಡುತನಕ್ಕೆ.

ಹೆಂಡತಿ ಹಿಂದಿನಿಂದ ಬಂದು ನನ್ನ ತೋಳು ಹಿಡಿದಳು. “ನಿನಗೆ ಮೊದಲೇ ಗೊತ್ತಿತ್ತಾ?” ಎಂದು ಕೇಳಲು ಬಾಯಿ ತೆರೆದವನು ಕೇಳಲಿಲ್ಲ. ಅವಳು ಎಷ್ಟೋ ದಿನದಿಂದ ನನ್ನ ಎದುರಿಗೆ ಬಂದು ನಿಂತೇ ಮಾತಾಡುತ್ತಿದ್ದಳು. ಆಗ ನನಗೆ ಆದ ದುಃಖವನ್ನು ಹೇಳಿ ಮುಗಿಸಲಾರೆ. ಅಕ್ಕ ಅವಲಕ್ಕಿಯ ಗಂಟು ಬಿಚ್ಚಿದಳು. ಮೂವರೂ ತಿಂದು ಇಳಿದೆವು. ಕೆಳಗೆ ಬೀಡದ ಅಂಗಡಿಯವನ ಬಾಯಿ ಆಡಿದ್ದು ಕಂಡಿತು. ಏನು ಕೇಳಿರಬಹುದೆಂದು ಗೊತ್ತಿದ್ದುದರಿಂದ, “ಸಿಕ್ಕಿತು,” ಎಂದೆ.

ಇನ್ನು ಗುಡ್ಡೆ ಯಾಕೆ ಎಂದು ವಾರವಿಡೀ ಯೋಚಿಸಿದೆ. ಆದಿತ್ಯವಾರ ಬೆಳಿಗ್ಗೆ ಕಾಲು ತಾನಾಗಿ ಆ ಕಡೆ ತಿರುಗಿತು. ಮೇಲೆ ಮುಟ್ಟಿ ಎಂದಿನಂತೆ ನೆಲ ಮುಟ್ಟಿದೆ. ಗೇರುಮರದ ಬುಡದಲ್ಲಿ ಕೂರಲಿಲ್ಲ. ದಿಬ್ಬ ದಾಟಿ, ದನಗಳ ಎದುರಿಗೆ, ಅವುಗಳ ಕೊರಳಿನ ಮರದ ಗಂಟೆ ಅಲ್ಲಾಡುವುದು ಕಾಣುವಷ್ಟು ಹತ್ತಿರ ಹೋಗಿ ಕೂತೆ.